ಅಪರಾಧಶಾಸ್ತ್ರ ಓದಿದ ವಕೀಲೆಗೆ ಭ್ರಷ್ಟಾಚಾರದ ಅಧ್ಯಯನ ವೃತ್ತಿಯಾಗಬಹುದೇ? ಮಾರ್ಕ್ ಪೀಟ್ ಅವರ ಬಗ್ಗೆ ತಿಳಿದವರು ಹೇಳಿ

ಧಾರವಾಡದ ವಿದ್ಯಾರ್ಥಿನಿ:

ನಮಸ್ಕಾರ. ಅಪರಾಧಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಈಗ ಮೂರು ವರ್ಷದ ಎಲ್‌ಎಲ್‌.ಬಿ.ಯ ಕೊನೆಯ ವರ್ಷದಲ್ಲಿದ್ದೇನೆ. ಕಳೆದ ವಾರ ತರಗತಿಯಲ್ಲಿ ನಮ್ಮ ಮೇಷ್ಟರು ಸ್ವಿಟ್ಜರ್ಲೆಂಡಿನ ಮಾರ್ಕ್ ಪೀಟ್ ಅವರ ಹೆಸರು ಹೇಳಿದರು. ವಕೀಲರೂ ಹೌದು, ಅಪರಾಧಶಾಸ್ತ್ರದ ಪ್ರಾಧ್ಯಾಪಕರೂ ಹೌದು, ಲಂಚದ ವಿರುದ್ಧದ ಕಾನೂನು ಕಟ್ಟುವುದರಲ್ಲೇ ಆಯುಷ್ಯ ಕಳೆದರು ಎಂದು ಎರಡು ಮಾತು ಹೇಳಿ ಮುಂದಿನ ಪಾಠಕ್ಕೆ ಹೋದರು. ನನಗೆ ಅಲ್ಲಿಂದ ಮುಂದಕ್ಕೆ ಹೋಗಲಾಗಲಿಲ್ಲ.

ಕಾರಣ ಹೇಳುತ್ತೇನೆ. ಅಪ್ಪ ಸಣ್ಣ ಗುತ್ತಿಗೆದಾರರಾಗಿದ್ದರು. ಮೋರಿ, ಶಾಲೆಯ ಕಾಂಪೌಂಡು, ಅಂಗನವಾಡಿಯ ಛಾವಣಿ, ಇಂಥ ಕಾಮಗಾರಿಗಳು. ಅವರ ಲೆಕ್ಕದ ಪುಸ್ತಕ ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಪುಸ್ತಕ. ಸಿಮೆಂಟು, ಕಂಬಿ, ಜಲ್ಲಿ, ಕೂಲಿ, ನೀರಿನ ಟ್ಯಾಂಕರ್, ಒಂದೊಂದಕ್ಕೂ ಒಂದೊಂದು ಸಾಲು. ಕಟ್ಟಕಡೆಗೆ ‘ಇತರೆ’. ನಾನು ಹೈಸ್ಕೂಲಿನಲ್ಲಿದ್ದಾಗ ಮೊತ್ತ ಕೂಡುವ ಕೆಲಸ ನನ್ನದಾಗಿತ್ತು. ಒಂದು ಮೋರಿಯ ಲೆಕ್ಕದಲ್ಲಿ ‘ಇತರೆ’ ಸಿಮೆಂಟಿಗಿಂತ ಹೆಚ್ಚಿತ್ತು. ಅಪ್ಪ ಅಂಕಿ ತಪ್ಪಾಗಿ ಬರೆದಿದ್ದಾರೆಂದು ತಿಳಿದು ಪೆನ್ಸಿಲಿನಿಂದ ಸುತ್ತು ಹಾಕಿದೆ. ಅವರು ಏನೂ ಹೇಳದೆ ರಬ್ಬರ್ ತೆಗೆದುಕೊಂಡು ಅದನ್ನು ಅಳಿಸಿದರು. 2016ರಲ್ಲಿ ಗುತ್ತಿಗೆಯನ್ನೇ ಬಿಟ್ಟರು.

ನಾನು ಪೊಲೀಸ್ ಅಧಿಕಾರಿಯಾಗಲಾರೆ, ನ್ಯಾಯಾಧೀಶೆಯಾಗುವ ಹಂಬಲವೂ ಇಲ್ಲ. ಆ ಒಂದು ಸಾಲನ್ನು ಅರ್ಥ ಮಾಡಿಕೊಳ್ಳುವ ಕೆಲಸ ಎಲ್ಲಾದರೂ ಇದೆಯೇ? ಪೀಟ್ ಅವರು ಅಲ್ಲಿಗೆ ತಲುಪಿದ್ದು ಹೇಗೆ? ಮೊದಲು ವಕೀಲಿಕೆಯೋ, ಮೊದಲು ಪಿಎಚ್‌.ಡಿ.ಯೋ?

ಬಸವನಗುಡಿಯ ವಕೀಲೆ:

ನಿಮ್ಮ ಅಪ್ಪನ ‘ಇತರೆ’ಯಿಂದಲೇ ಶುರು ಮಾಡುತ್ತೇನೆ. ಪೀಟ್ ಅವರ ದುಡಿಮೆಯೆಲ್ಲ ಆ ಸಾಲಿನ ಸುತ್ತಲೇ ನಡೆಯಿತು ಎಂಬುದು ನನ್ನ ನಂಬಿಕೆ.

1990ರ ದಶಕದ ಕೊನೆಯವರೆಗೂ ಜರ್ಮನಿಯ ಕಂಪನಿಯೊಂದು ಹೊರದೇಶದ ಮಂತ್ರಿಗೆ ಲಂಚ ಕೊಟ್ಟರೆ ಅದನ್ನು ಖರ್ಚೆಂದು ತೋರಿಸಿ ತೆರಿಗೆಯಲ್ಲಿ ವಿನಾಯಿತಿ ಪಡೆಯಬಹುದಿತ್ತು. ಅದಕ್ಕೆ ಅವರ ಭಾಷೆಯಲ್ಲಿ ಒಂದು ಮರ್ಯಾದೆಯ ಹೆಸರೂ ಇತ್ತು: ‘ಉಪಯುಕ್ತ ವೆಚ್ಚ’. ತಮ್ಮೂರಿನ ಗುಮಾಸ್ತನಿಗೆ ಕೊಟ್ಟರೆ ಅಪರಾಧ, ಪರದೇಶದ ಮಂತ್ರಿಗೆ ಕೊಟ್ಟರೆ ವ್ಯಾಪಾರ. ಯುರೋಪಿನ ಬೇರೆ ಹಲವು ದೇಶಗಳಲ್ಲೂ, ಸ್ವಿಟ್ಜರ್ಲೆಂಡಿನಲ್ಲೂ, ಇದೇ ಕಥೆ. ವಿಮಾನ ಕಂಪನಿ ಲಾಕ್‌ಹೀಡ್ ವಿದೇಶಗಳಲ್ಲಿ ಲಂಚ ಕೊಟ್ಟ ಹಗರಣದ ನಂತರ 1977ರಲ್ಲಿ ಇಂಥ ಲಂಚವನ್ನು ಅಪರಾಧವೆಂದ ಅಮೆರಿಕ ಎರಡು ದಶಕ ಬಹುಮಟ್ಟಿಗೆ ಒಂಟಿಯಾಗಿತ್ತು. ‘ಬಡ ದೇಶಗಳಲ್ಲಿ ಭ್ರಷ್ಟಾಚಾರ ಹೆಚ್ಚು’ ಎಂದು ಆ ಕಾಲದಲ್ಲಿ ಉಪದೇಶ ಮಾಡುತ್ತಿದ್ದ ದೇಶಗಳು ಕೊಡುವ ಕೈಗೆ ತೆರಿಗೆ ರಿಯಾಯಿತಿ ನೀಡುತ್ತಿದ್ದವು. ಇದನ್ನು ನೆನೆದಾಗಲೆಲ್ಲ ನನಗೆ ಈಗಲೂ ಸಿಟ್ಟು ಬರುತ್ತದೆ.

ಪೀಟ್ ಹುಟ್ಟಿದ್ದು 1953ರಲ್ಲಿ, ಬಾಸೆಲ್‌ನಲ್ಲಿ. ಅಲ್ಲೇ ಕಾನೂನು ಓದಿದರು, ವಕೀಲಿಕೆ ಮಾಡಿದರು. ತಿರುವು ಬಂದದ್ದು 1989ರಲ್ಲಿ. ಆ ವರ್ಷದ ಜನವರಿಯಲ್ಲಿ ಸ್ವಿಟ್ಜರ್ಲೆಂಡಿನ ನ್ಯಾಯ ಸಚಿವೆ ಎಲಿಜಬೆತ್ ಕಾಪ್ ಅಧಿಕಾರ ಬಿಟ್ಟರು. ಹಣದ ಅಕ್ರಮ ವರ್ಗಾವಣೆಯ ಸಂಶಯಕ್ಕೆ ಒಳಗಾಗಿದ್ದ ಕಂಪನಿಯೊಂದರ ಆಡಳಿತ ಮಂಡಳಿಯಲ್ಲಿ ಅವರ ಪತಿ ಇದ್ದರು. ಅಲ್ಲಿಂದ ಹೊರಗೆ ಬನ್ನಿ ಎಂದು ಅವರು ಪತಿಗೆ ಮಾಡಿದ ದೂರವಾಣಿ ಕರೆ ಬಯಲಾಗಿತ್ತು. ನ್ಯಾಯಾಲಯ ಮುಂದೆ ಅವರನ್ನು ಖುಲಾಸೆಗೊಳಿಸಿತು, ಆದರೆ ದೇಶಕ್ಕೆ ಆಗಬೇಕಾದ ಆಘಾತ ಆಗಿಹೋಗಿತ್ತು. ಬ್ಯಾಂಕುಗಳ ಗುಟ್ಟಿನ ಮೇಲೆ ನಿಂತಿದ್ದ ದೇಶ 1990ರ ಆಗಸ್ಟ್ 1ರಿಂದ ಹಣದ ಅಕ್ರಮ ವರ್ಗಾವಣೆಯನ್ನು ಅಪರಾಧವಾಗಿಸಿತು. ಆ ಗದ್ದಲದ ಹೊತ್ತಿನಲ್ಲಿಯೇ ಪೀಟ್ ಫೆಡರಲ್ ನ್ಯಾಯ ಕಚೇರಿಯಲ್ಲಿ ಆರ್ಥಿಕ ಮತ್ತು ಸಂಘಟಿತ ಅಪರಾಧ ವಿಭಾಗದ ಮುಖ್ಯಸ್ಥರಾಗಿದ್ದರು. 1993ರ ತನಕ ಅಲ್ಲಿ ಕರಡು ಬರೆದರು. ಆಮೇಲೆ ಬಾಸೆಲ್ ವಿಶ್ವವಿದ್ಯಾಲಯದಲ್ಲಿ ಅಪರಾಧ ಕಾನೂನು ಮತ್ತು ಅಪರಾಧಶಾಸ್ತ್ರದ ಪ್ರಾಧ್ಯಾಪಕರಾದರು. ಮೊದಲು ಯಾವುದು ಎಂದು ಕೇಳಿದಿರಲ್ಲ, ಅವರ ವಿಷಯದಲ್ಲಿ ಪ್ರಾಧ್ಯಾಪಕ ಪೀಠಕ್ಕಿಂತ ಮೊದಲು ಬಂದದ್ದು ಸರಕಾರಿ ಮೇಜು. ಕರಡು ಬರೆಯುವಾಗ ಯಾವ ಪದಕ್ಕೆ ಯಾವ ಉದ್ಯಮ ಅಡ್ಡ ಬರುತ್ತದೆ ಎಂಬುದನ್ನು ಅಲ್ಲಿ ಕುಳಿತವರು ಕಾಣುವಷ್ಟು ಗ್ರಂಥಾಲಯದಲ್ಲಿ ಕುಳಿತವರು ಕಾಣುವುದಿಲ್ಲ.

1990ರಲ್ಲಿ ಪ್ಯಾರಿಸ್‌ನ ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆಯ, ಅಂದರೆ ಒಇಸಿಡಿಯ, ಲಂಚ ವಿರೋಧಿ ಕಾರ್ಯತಂಡದ ಅಧ್ಯಕ್ಷತೆ ಅವರಿಗೆ ಬಂತು. 2013ರವರೆಗೆ ಆ ಕುರ್ಚಿಯಲ್ಲಿದ್ದರು. ಇಪ್ಪತ್ತಮೂರು ವರ್ಷ! 1997ರ ಡಿಸೆಂಬರ್ 17ರಂದು ಸಹಿಯಾಗಿ 1999ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಒಇಸಿಡಿಯ ಲಂಚ ವಿರೋಧಿ ಒಪ್ಪಂದ ಒಂದೇ ಕೆಲಸ ಮಾಡುತ್ತದೆ: ವ್ಯಾಪಾರಕ್ಕಾಗಿ ವಿದೇಶದ ಅಧಿಕಾರಿಗೆ ಲಂಚ ಕೊಡುವವರನ್ನು ಅವರ ಸ್ವಂತ ದೇಶದಲ್ಲೇ ಅಪರಾಧಿಯಾಗಿಸುತ್ತದೆ. ತೆಗೆದುಕೊಳ್ಳುವವರ ಸುದ್ದಿಗೆ ಅದು ಹೋಗುವುದೇ ಇಲ್ಲ.

ಸಹಿ ಹಾಕಿ ಸುಮ್ಮನಿರುವುದು ಸರಕಾರಗಳ ಜಾಯಮಾನ. ಅದಕ್ಕೆ ಈ ತಂಡ ಕಂಡುಕೊಂಡ ಉಪಾಯ ಪರಸ್ಪರ ಪರಿಶೀಲನೆ. ಎರಡು ದೇಶಗಳ ಪರಿಣತರು ಮೂರನೆಯ ದೇಶಕ್ಕೆ ಹೋಗಿ, ಅಲ್ಲಿನ ಅಭಿಯೋಜಕರು, ತೆರಿಗೆ ಅಧಿಕಾರಿಗಳು, ಪತ್ರಕರ್ತರನ್ನೆಲ್ಲ ಕೂರಿಸಿಕೊಂಡು ಪ್ರಶ್ನಿಸಿ, ವರದಿಯನ್ನು ಎಲ್ಲರೂ ಓದುವಂತೆ ಪ್ರಕಟಿಸುವುದು. ಪೊಲೀಸರಿಲ್ಲ, ದಂಡವಿಲ್ಲ, ನೆರೆಯವರ ಮುಂದೆ ನಾಚಿಕೆಪಡುವಂತೆ ಮಾಡುವುದಷ್ಟೇ. ಬ್ರಿಟನ್ ಉದಾಹರಣೆ ನೋಡಿ. ಅಲ್ಲಿನ ಶಸ್ತ್ರಾಸ್ತ್ರ ಕಂಪನಿ ಬಿಎಇ ಸೌದಿ ಅರೇಬಿಯಾದ ಜೊತೆ ನಡೆಸಿದ ವ್ಯವಹಾರದ ಲಂಚದ ತನಿಖೆಯನ್ನು 2006ರ ಡಿಸೆಂಬರಿನಲ್ಲಿ ರಾಷ್ಟ್ರದ ಭದ್ರತೆಯ ಹೆಸರಿನಲ್ಲಿ ಕೈಬಿಡಲಾಯಿತು. ಪೀಟ್ ಅವರ ತಂಡ ಬಿಡಲಿಲ್ಲ. ನಿಮ್ಮ ಹಳೆಯ ಕಾನೂನು ಸಾಲದು ಎಂದು ವರದಿಯ ಮೇಲೆ ವರದಿ ಬರೆಯಿತು. 2010ರಲ್ಲಿ ಬ್ರಿಟನ್ ಹೊಸ ಲಂಚ ಕಾಯ್ದೆ ತಂದಿತು. ನಿಂತ ತನಿಖೆ ಮತ್ತೆ ಜೀವ ಪಡೆಯಲಿಲ್ಲ ಎಂಬ ನೋವು ಬೇರೆ, ಆದರೆ ಆ ಕಾಯ್ದೆ ಇಂದು ಪ್ರಪಂಚದ ಗಟ್ಟಿ ಕಾಯ್ದೆಗಳಲ್ಲಿ ಒಂದು.

ಈಗ ನನ್ನ ಕಥೆ ಸ್ವಲ್ಪ. 2005ರ ಅಕ್ಟೋಬರ್ ಕೊನೆಗೆ ವೋಲ್ಕರ್ ಸಮಿತಿಯ ವರದಿ ಹೊರಬಂದಾಗ ನಾನು ಹೈಕೋರ್ಟಿನಲ್ಲಿ ಎರಡು ವರ್ಷದ ಜೂನಿಯರ್. ಇರಾಕಿನ ‘ತೈಲಕ್ಕಾಗಿ ಆಹಾರ’ ಯೋಜನೆಯ ಅಕ್ರಮಗಳ ಬಗ್ಗೆ ವಿಶ್ವಸಂಸ್ಥೆ ನೇಮಿಸಿದ್ದ ಸಮಿತಿ ಅದು. ಮೂವರೇ ಸದಸ್ಯರು: ಅಮೆರಿಕದ ಕೇಂದ್ರ ಬ್ಯಾಂಕಿನ ಮಾಜಿ ಅಧ್ಯಕ್ಷ ಪಾಲ್ ವೋಲ್ಕರ್, ದಕ್ಷಿಣ ಆಫ್ರಿಕಾದ ನ್ಯಾಯಮೂರ್ತಿ ರಿಚರ್ಡ್ ಗೋಲ್ಡ್‌ಸ್ಟೋನ್, ಮತ್ತು ಪೀಟ್. ನಮ್ಮ ಪತ್ರಿಕೆಗಳ ತುಂಬ ಆಗ ಒಂದೇ ಸುದ್ದಿ. ವರದಿಯ ಪಟ್ಟಿಯಲ್ಲಿ ವಿದೇಶಾಂಗ ಸಚಿವ ನಟವರ್ ಸಿಂಗ್ ಅವರ ಹೆಸರಿತ್ತು. ನವೆಂಬರಿನಲ್ಲಿ ಖಾತೆ ಹೋಯಿತು, ಡಿಸೆಂಬರಿನಲ್ಲಿ ಸಂಪುಟವನ್ನೇ ಬಿಟ್ಟರು, ಆರೋಪವನ್ನು ಮಾತ್ರ ಅಲ್ಲಗಳೆಯುತ್ತಲೇ ಬಂದರು. ಕೋರ್ಟಿನ ಕ್ಯಾಂಟೀನಿನಲ್ಲಿ ಎಲ್ಲರೂ ಹೆಸರುಗಳ ಬಗ್ಗೆ ಮಾತನಾಡುತ್ತಿದ್ದರು. ನಾನು ಸೈಬರ್ ಕೆಫೆಯಲ್ಲಿ ಪುಟಗಳನ್ನು ಮುದ್ರಿಸಿಕೊಂಡು ಮನೆಗೆ ತಂದು ಓದಿದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಹೆಸರುಗಳಲ್ಲ, ಆ ವ್ಯವಹಾರದ ರೀತಿ.

ವಿಶ್ವಸಂಸ್ಥೆಯ ಆರ್ಥಿಕ ನಿರ್ಬಂಧದಲ್ಲಿದ್ದ ಇರಾಕ್ ತೈಲ ಮಾರಿದ ಹಣ ನೇರವಾಗಿ ಅದರ ಕೈಗೆ ಬರುತ್ತಿರಲಿಲ್ಲ, ವಿಶ್ವಸಂಸ್ಥೆಯ ಹಿಡಿತದ ಖಾತೆಗೆ ಹೋಗುತ್ತಿತ್ತು. ಅಲ್ಲಿಂದ ಆಹಾರ, ಔಷಧ, ಯಂತ್ರಗಳ ಬಿಲ್ಲು ಪಾವತಿಯಾಗುತ್ತಿತ್ತು. ಸದ್ದಾಮ್ ಸರಕಾರ ಪೂರೈಕೆದಾರರಿಗೆ ಹೇಳಿತು: ಬೆಲೆಗೆ ಶೇಕಡಾ ಹತ್ತು ಸೇರಿಸಿ ಬರೆಯಿರಿ, ಆ ಹತ್ತನ್ನು ನಮಗೆ ಬೇರೆ ದಾರಿಯಲ್ಲಿ ತಲುಪಿಸಿ. ಒಪ್ಪಂದದಲ್ಲಿ ಅದರ ಹೆಸರು ‘ಮಾರಾಟೋತ್ತರ ಸೇವಾ ಶುಲ್ಕ’. ಗೋಧಿಗೆ ಎಂಥ ಮಾರಾಟೋತ್ತರ ಸೇವೆ? ಅದಕ್ಕೆ ‘ಒಳನಾಡು ಸಾಗಾಣಿಕೆ’ ಎಂಬ ಇನ್ನೊಂದು ಹೆಸರು. ಆಸ್ಟ್ರೇಲಿಯಾದ ಗೋಧಿ ಸಂಸ್ಥೆ ಎಡಬ್ಲ್ಯುಬಿ ಜೋರ್ಡಾನಿನ ‘ಆಲಿಯಾ’ ಎಂಬ ಕಂಪನಿಗೆ ಲಾರಿ ಬಾಡಿಗೆಯೆಂದು ಕೊಟ್ಟ ಹಣ ಸುಮಾರು 29 ಕೋಟಿ ಆಸ್ಟ್ರೇಲಿಯನ್ ಡಾಲರ್. ಆಲಿಯಾ ಆ ಗೋಧಿಯನ್ನು ಸಾಗಿಸಲೇ ಇಲ್ಲ, ಹಣವನ್ನು ಬಾಗ್ದಾದಿಗೆ ದಾಟಿಸಿತು. ಇಡೀ ಯೋಜನೆಯಲ್ಲಿ ಹೀಗೆ ಕೈಬದಲಾದ ಹಣ 180 ಕೋಟಿ ಅಮೆರಿಕನ್ ಡಾಲರ್, ಅದರಲ್ಲಿ ತೊಡಗಿದ ಕಂಪನಿಗಳು 2,200ಕ್ಕೂ ಹೆಚ್ಚು ಎಂದು ಸಮಿತಿ ಲೆಕ್ಕ ಹಾಕಿತು. ಹಾಲಿನ ಪುಡಿಗಾಗಿ ಕಾದಿದ್ದ ಮಕ್ಕಳ ಹಣದಿಂದಲೇ ಅವರನ್ನು ಆಳುವವರಿಗೆ ಲಂಚ ಹೋಯಿತು.

ಆ ರಾತ್ರಿ ನನಗೆ ಗೊತ್ತಾಯಿತು, ಲಂಚವನ್ನು ಹಿಡಿಯಲು ಯಾರನ್ನೂ ಹಿಂಬಾಲಿಸಬೇಕಿಲ್ಲ, ಬಿಲ್ಲಿನಲ್ಲಿ ಅದು ಇಟ್ಟುಕೊಂಡ ಹೆಸರನ್ನು ಪ್ರಶ್ನಿಸಿದರೆ ಸಾಕು ಎಂದು. ಕೆಲವು ವರ್ಷಗಳ ಬಳಿಕ ವಕೀಲಿಕೆ ಬಿಟ್ಟು, ಕಂಪನಿಗಳ ಲೆಕ್ಕಪತ್ರಗಳಲ್ಲಿ ಅಕ್ರಮ ಹುಡುಕುವ ತಂಡ ಸೇರಿದೆ. ಇಂದಿಗೂ ಅದೇ ಕೆಲಸ. ‘ಸಲಹಾ ಶುಲ್ಕ’, ‘ಸಮನ್ವಯ ವೆಚ್ಚ’, ‘ಸ್ಥಳೀಯ ನೆರವು’: ದಿನವೂ ಒಂದು ಹೊಸ ಹೆಸರು. ಜರ್ಮನಿಯ ಸೀಮೆನ್ಸ್ ಕಂಪನಿ ವಿದೇಶಗಳಲ್ಲಿ ಲಂಚ ಕೊಟ್ಟದ್ದಕ್ಕಾಗಿ 2008ರಲ್ಲಿ ಅಮೆರಿಕ ಮತ್ತು ಜರ್ಮನಿಗೆ ಒಟ್ಟು 160 ಕೋಟಿ ಡಾಲರ್ ತೆತ್ತ ಪ್ರಕರಣದಲ್ಲಿ ಕಂಪನಿಯ ಅಧಿಕಾರಿಗಳು ಪಾವತಿಯ ಕಾಗದಕ್ಕೆ ಸಹಿ ಹಾಕುತ್ತಿರಲಿಲ್ಲ, ಅಂಟಿಸಿ ಕಿತ್ತುಬಿಡಬಹುದಾದ ಹಳದಿ ಚೀಟಿಯ ಮೇಲೆ ಸಹಿ ಹಾಕುತ್ತಿದ್ದರು. ನಗದು ಒಯ್ಯಲು ಸೂಟ್‌ಕೇಸ್ ತರುತ್ತಿದ್ದರು. ಇದನ್ನು ಓದಿದ ಮೇಲೆ ಕಡತ ತೆರೆದಾಗಲೆಲ್ಲ ಕಾಗದದ ಮೂಲೆಯಲ್ಲಿ ಅಂಟಿನ ಗುರುತಿದೆಯೇ ಎಂದು ಬೆರಳಾಡಿಸಿ ನೋಡುವುದು ನನಗೆ ಅಭ್ಯಾಸವಾಗಿದೆ.

ಪೀಟ್ ಅವರನ್ನು ಹೊಗಳಿದ್ದು ಸಾಕು, ನನಗೆ ಒಪ್ಪಿಗೆಯಾಗದ ಒಂದನ್ನೂ ಹೇಳಬೇಕು. 2011ರಲ್ಲಿ ಫುಟ್‌ಬಾಲ್ ಒಕ್ಕೂಟ ಫಿಫಾ ತನ್ನ ಆಡಳಿತ ಸುಧಾರಣೆಗೆ ಅವರ ನೇತೃತ್ವದಲ್ಲಿ ಸ್ವತಂತ್ರ ಸಮಿತಿ ಮಾಡಿತು. ಅವರಿಗೆ ಫಿಫಾದಿಂದಲೇ ಹಣ ಬರುತ್ತಿತ್ತು ಎಂಬ ಕಾರಣಕ್ಕೆ, ಹಳೆಯ ಹಗರಣಗಳನ್ನು ಕೆದಕುವುದಿಲ್ಲ ಎಂಬ ಕಾರಣಕ್ಕೆ, ಭ್ರಷ್ಟಾಚಾರದ ವಿರುದ್ಧ ದುಡಿಯುವ ಸರಕಾರೇತರ ಸಂಸ್ಥೆ ಟ್ರಾನ್ಸ್‌ಪರೆನ್ಸಿ ಇಂಟರ್‌ನ್ಯಾಷನಲ್ ಆ ಸಮಿತಿಯಿಂದ ದೂರ ಉಳಿಯಿತು. ಅದು ಸರಿಯಾದ ಆಕ್ಷೇಪ ಎಂದೇ ನನಗನ್ನಿಸುತ್ತದೆ. ಸಮಿತಿ ಕೆಲವು ಒಳ್ಳೆಯ ಬದಲಾವಣೆ ಮಾಡಿಸಿತು, ನೀತಿ ಸಮಿತಿಯನ್ನು ತನಿಖೆಗೊಂದು ತೀರ್ಪಿಗೊಂದು ಎಂದು ಇಬ್ಭಾಗ ಮಾಡಿಸಿತು. 2013ರ ಕೊನೆಗೆ ಪೀಟ್ ಹೊರನಡೆದರು. 2015ರ ಮೇ 27ರ ಮುಂಜಾನೆ ಜ್ಯೂರಿಕ್‌ನ ಹೋಟೆಲಿನಲ್ಲಿ ಫಿಫಾ ಪದಾಧಿಕಾರಿಗಳು ಬಂಧಿತರಾದದ್ದು ಒಳಗಿನ ಸುಧಾರಣೆಯಿಂದಲ್ಲ, ಅಮೆರಿಕದ ಅಭಿಯೋಜಕರಿಂದ. ನೀವು ಈ ವೃತ್ತಿಗೆ ಬಂದರೆ ಮೊದಲ ದಿನದಿಂದಲೇ ‘ನನ್ನ ಸಂಬಳ ಯಾರ ಜೇಬಿನಿಂದ ಬರುತ್ತಿದೆ’ ಎಂಬ ಪ್ರಶ್ನೆ ಎದುರಾಗುತ್ತದೆ. ನನಗೂ ಆಗಿದೆ. ಒಮ್ಮೆ ನಾನು ಬರೆದ ವರದಿಯ ಮುಖ್ಯ ಪುಟವನ್ನೇ ಅದನ್ನು ಬರೆಸಿದವರು ತೆಗೆಸಿದರು; ನಾನು ಸಹಿ ಹಾಕಲಿಲ್ಲ, ಆ ಕೆಲಸ ಹೋಯಿತು.

ದಾರಿ ಕೇಳಿದಿರಿ. ಕಾನೂನು ಮುಗಿದ ಮೇಲೆ ಮೂರು ವರ್ಷ ಕೋರ್ಟಿನಲ್ಲಿ ನಿಲ್ಲಿ, ಪಾಟೀಸವಾಲಿನಲ್ಲಿ ಯಾವ ಪುರಾವೆ ಮುರಿಯುತ್ತದೆ ಎಂಬುದು ಅಲ್ಲಿ ಮಾತ್ರ ಗೊತ್ತಾಗುತ್ತದೆ. ಜೊತೆಗೆ ಲೆಕ್ಕಪತ್ರ ಓದಲು ಕಲಿಯಿರಿ, ಜಮಾ ಖರ್ಚಿನಿಂದ ಹಿಡಿದು. ಅಪರಾಧಶಾಸ್ತ್ರದವರು ಇದನ್ನು ಕಡೆಗಣಿಸುತ್ತಾರೆ. ಪಿಎಚ್‌.ಡಿ. ಆಮೇಲೆ. ಭಾರತ ಆ ಒಇಸಿಡಿ ಒಪ್ಪಂದದಲ್ಲಿ ಇಲ್ಲ. ವಿಶ್ವಸಂಸ್ಥೆಯ ಭ್ರಷ್ಟಾಚಾರ ವಿರೋಧಿ ಒಡಂಬಡಿಕೆಯನ್ನು 2011ರಲ್ಲಿ ಸ್ಥಿರೀಕರಿಸಿದೆವು, ವಿದೇಶಿ ಅಧಿಕಾರಿಗಳಿಗೆ ಲಂಚ ಕೊಡುವುದನ್ನು ತಡೆಯುವ ಮಸೂದೆಯೂ ಅದೇ ವರ್ಷ ಲೋಕಸಭೆಗೆ ಬಂತು, 2014ರಲ್ಲಿ ಸದನದೊಂದಿಗೆ ಅದೂ ಮುಗಿಯಿತು. ನಮ್ಮ ಕಂಪನಿಗಳು ಆಫ್ರಿಕಾದಲ್ಲಿ ಗುತ್ತಿಗೆ ಹಿಡಿಯುವ ಈ ಕಾಲದಲ್ಲಿ ಸಂಶೋಧನೆಗೆ ಇದಕ್ಕಿಂತ ಹಸಿದ ವಿಷಯ ಇನ್ನೊಂದಿಲ್ಲ.

ನಿವೃತ್ತ ಅಭಿಯೋಜಕ:

ಮೇಲಿನ ಉತ್ತರ ಓದಿ ಸಂತೋಷವಾಯಿತು. ಆದರೂ ಒಂದು ಮಾತಿಗೆ ನನ್ನ ತಕರಾರಿದೆ. ಟ್ರ್ಯಾಪ್ ಪ್ರಕರಣಗಳನ್ನು, ಅಂದರೆ ಲಂಚ ತೆಗೆದುಕೊಳ್ಳುವಾಗಲೇ ಬಲೆ ಬೀಸಿ ಹಿಡಿದ ಪ್ರಕರಣಗಳನ್ನು, ನಡೆಸುವುದರಲ್ಲೇ ನನ್ನ ಸೇವೆಯ ಬಹುಪಾಲು ಕಳೆಯಿತು.

ವಿದ್ಯಾರ್ಥಿನಿಗೆ ಗೊತ್ತಿರಲಿ ಎಂದು ಹೇಳುತ್ತೇನೆ. ಫಿರ್ಯಾದಿ ತಂದ ನೋಟುಗಳ ನಂಬರನ್ನು ಪಂಚರ ಎದುರಿನಲ್ಲಿ ಬರೆದುಕೊಂಡು, ಅವುಗಳಿಗೆ ಫಿನಾಫ್ಥಲೀನ್ ಪುಡಿ ಸವರುತ್ತಾರೆ. ಪುಡಿ ಬಿಳಿ, ಕಣ್ಣಿಗೆ ಕಾಣದು. ನೋಟು ಕೈ ಬದಲಿಸಿದ ಮೇಲೆ ಅಧಿಕಾರಿಯ ಬೆರಳುಗಳನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಅದ್ದಿಸುತ್ತಾರೆ, ನೀರು ಗುಲಾಬಿಯಾಗುತ್ತದೆ. ಅದನ್ನು ಬಾಟಲಿಗೆ ತುಂಬಿ ಅರಗಿನ ಮೊಹರು ಹಾಕುತ್ತಾರೆ. ವಿಚಾರಣೆಗೆ ಬರುವಷ್ಟರಲ್ಲಿ ಎಷ್ಟೋ ವರ್ಷ. ನಾನು ಬಾಟಲಿಯನ್ನು ಎತ್ತಿ ಹಿಡಿದಾಗ ಬಣ್ಣ ಮಾಸಿ ನೀರು ನೀರಾಗಿರುತ್ತಿತ್ತು. ಅಷ್ಟೇ ಮಾಸಿರುತ್ತಿತ್ತು ಫಿರ್ಯಾದಿಯ ನೆನಪು. ‘ಸಾಲ ವಾಪಸು ಕೊಟ್ಟೆ ಸ್ವಾಮಿ’ ಎಂದು ಬಿಡುತ್ತಿದ್ದ. ಲಂಚ ಕೇಳಿದ್ದು, ಅಂದರೆ ಬೇಡಿಕೆ, ಸಾಬೀತಾಗದೆ ಆರೋಪಿ ಮನೆಗೆ ಹೋಗುತ್ತಿದ್ದ. ಫಿರ್ಯಾದಿ ತೀರಿಕೊಂಡರೂ, ತಿರುಗಿಬಿದ್ದರೂ, ಬೇರೆ ಸಾಕ್ಷ್ಯದಿಂದ ಬೇಡಿಕೆಯನ್ನು ಸಾಬೀತುಪಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ನೀರಜ್ ದತ್ತಾ ಪ್ರಕರಣದಲ್ಲಿ 2022ರ ಡಿಸೆಂಬರಿನಲ್ಲಿ ಹೇಳಿತು. ನಾನು ನಿವೃತ್ತನಾದ ಮೇಲೆ!

ನನ್ನ ತಕರಾರು ಇದು. ಕೊಡುವವನನ್ನು ಹಿಡಿಯಿರಿ ಎನ್ನುವುದು ಸೀಮೆನ್ಸ್‌ಗೆ ಸರಿ. ಪಹಣಿಯ ಹೆಸರು ತಿದ್ದಿಸಲು ಬಂದ ರೈತನಿಗೆ? ನಮ್ಮ ಭ್ರಷ್ಟಾಚಾರ ತಡೆ ಕಾಯ್ದೆಗೆ ಬಂದ 2018ರ ತಿದ್ದುಪಡಿ ಲಂಚ ಕೊಡುವುದನ್ನೇ ನೇರ ಅಪರಾಧವಾಗಿಸಿತು. ಬಲವಂತಕ್ಕೆ ಕೊಟ್ಟವನು ಏಳು ದಿನದೊಳಗೆ ದೂರು ಕೊಟ್ಟರೆ ಮಾತ್ರ ಪಾರು. ಕೆಲಸ ಆಗುವ ಮೊದಲು ದೂರು ಕೊಟ್ಟರೆ ಕಡತ ಮೂಲೆ ಸೇರುತ್ತದೆ ಎಂದು ಹೆದರುವವನು ಏಳು ದಿನದಲ್ಲಿ ಹೇಗೆ ಬರುತ್ತಾನೆ? ಎಂಟನೆಯ ದಿನ ಬಂದರೆ ಅವನೂ ಆರೋಪಿ. ನನ್ನ ಸಾಕ್ಷಿಗಳಲ್ಲಿ ಅರ್ಧ ಜನ ನನ್ನ ಬಾಗಿಲಿಗೇ ಬರುತ್ತಿರಲಿಲ್ಲ.

ಇನ್ನು ಆ ತಂದೆಯವರ ಪುಸ್ತಕ. ಮಗಳೇ, ಅದರ ಚಿತ್ರ ತೆಗೆದು ಎಲ್ಲಿಯೂ ಹಾಕಬೇಡಿ. ಹಳೆಯ ಕಾನೂನಿನಲ್ಲೂ ಕೊಡುವವನ ಮೇಲೆ ಕುಮ್ಮಕ್ಕಿನ ಆರೋಪ ಬರುವುದಿತ್ತು.

ಬಸವನಗುಡಿಯ ವಕೀಲೆ:

ಸರ್, ನಿಮ್ಮ ತಕರಾರನ್ನು ತಲೆಬಾಗಿ ಒಪ್ಪುತ್ತೇನೆ. ಕೊಡುವವರೆಲ್ಲರನ್ನೂ ನಾನು ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ಒಇಸಿಡಿ ಒಪ್ಪಂದವೂ ಈ ಭೇದವನ್ನು ಬಲ್ಲದು: ಅದು ಹಿಡಿಯುವುದು ವ್ಯಾಪಾರ ಗಿಟ್ಟಿಸಲು ಅಥವಾ ಸಲ್ಲದ ಲಾಭ ಪಡೆಯಲು ಕೊಟ್ಟದ್ದನ್ನು, ಅಧಿಕಾರಿ ಹೇಗೂ ಮಾಡಲೇಬೇಕಾದ ಕೆಲಸಕ್ಕೆ ಕೊಟ್ಟ ಪುಡಿಗಾಸು ಅದರ ವ್ಯಾಪ್ತಿಗೆ ಬರುವುದಿಲ್ಲ ಎಂದು ಅದರ ಟಿಪ್ಪಣಿಯಲ್ಲೇ ಇದೆ. ಆ ಪುಡಿಗಾಸೂ ಕೊಳೆಯುವ ಗಾಯವೇ ಎಂದು 2009ರಲ್ಲಿ ಅದೇ ತಂಡ ಮತ್ತೆ ಹೇಳಬೇಕಾಯಿತು. ನಮ್ಮ 2018ರ ತಿದ್ದುಪಡಿ ಗಣಿ ಕಂಪನಿಯನ್ನೂ ಪಹಣಿಯ ರೈತನನ್ನೂ ಒಂದೇ ಕಲಮಿನಲ್ಲಿ ನಿಲ್ಲಿಸಿತು. ಇದರಿಂದ ದೂರುಗಳು ಕಡಿಮೆಯಾದವೇ, ಆಗಿದ್ದರೆ ಎಂಥವರ ದೂರು? ಒಬ್ಬ ಅಪರಾಧಶಾಸ್ತ್ರಜ್ಞೆ ಐದು ವರ್ಷ ಕೊಡಬಹುದಾದ ಪ್ರಶ್ನೆ ಇದು.

ಧಾರವಾಡದ ವಿದ್ಯಾರ್ಥಿನಿ:

ಇಬ್ಬರಿಗೂ ಕೈಮುಗಿಯುತ್ತೇನೆ. ನಿನ್ನೆ ರಾತ್ರಿ ಊಟವಾದ ಮೇಲೆ ಅಪ್ಪನ ಹತ್ತಿರ ಕುಳಿತು ಮೊದಲ ಬಾರಿಗೆ ಕೇಳಿದೆ, ಆ ಮೋರಿಯ ‘ಇತರೆ’ ಯಾವುದರದು ಎಂದು. ಬೈಯುತ್ತಾರೆ ಎಂದುಕೊಂಡಿದ್ದೆ. ಪುಸ್ತಕ ನೋಡದೆಯೇ ಹೇಳಿದರು. ಮುಗಿದ ಕೆಲಸವನ್ನು ಎಂಜಿನಿಯರ್ ಅಳೆದು ದಾಖಲಿಸುವ ಅಳತೆ ಪುಸ್ತಕದಲ್ಲಿ ಬರೆಸಲು ಒಂದು ಪಾಲು, ಬಿಲ್ಲು ಮೇಲಿನ ಮೇಜಿಗೆ ಹೋಗಲು ಒಂದು ಪಾಲು, ಚೆಕ್ಕು ಕೈಗೆ ಬರಲು ಒಂದು ಪಾಲು. ಮೂರನೆಯದು ತಡವಾದಷ್ಟೂ ಹೆಚ್ಚುತ್ತಿತ್ತಂತೆ, ಏಕೆಂದರೆ ಅಷ್ಟು ದಿನ ಸಿಮೆಂಟಿನ ಅಂಗಡಿಯ ಬಡ್ಡಿ ಓಡುತ್ತಿತ್ತು. ಆ ಬಡ್ಡಿಯೂ ‘ಇತರೆ’ಯಲ್ಲೇ ಸೇರಿತ್ತು. ಹಾಗಾಗಿಯೇ ಅದು ಸಿಮೆಂಟನ್ನು ಮೀರಿತ್ತು. ಇಷ್ಟು ವರ್ಷ ಅದೆಲ್ಲವೂ ಲಂಚವೆಂದೇ ನಾನು ತಿಳಿದಿದ್ದೆ.

ಹೆಸರು, ಊರು, ಇಸವಿ ಯಾವುದನ್ನೂ ಬರೆದುಕೊಂಡಿಲ್ಲ. ಮೂರು ಮೇಜು ಮತ್ತು ಕಾದ ದಿನಗಳು, ಅಷ್ಟನ್ನೇ ಬರೆದುಕೊಂಡೆ. ಇಂಥ ಸಣ್ಣ ಕಾಮಗಾರಿಗಳಲ್ಲಿ ಕೆಲಸ ಮುಗಿದ ದಿನಕ್ಕೂ ಹಣ ಪಾವತಿಯಾದ ದಿನಕ್ಕೂ ನಡುವೆ ಎಷ್ಟು ಅಂತರವಿದೆ ಎಂದು ಒಂದು ತಾಲ್ಲೂಕಿನ ಮಟ್ಟಿಗೆ ಲೆಕ್ಕ ಹಾಕಬಹುದೇ? ಕಾಗದಗಳು ಸಿಗುತ್ತವೆಯೇ?

ನಿವೃತ್ತ ಅಭಿಯೋಜಕ:

ಸಿಗುತ್ತವೆ. ಮಾಹಿತಿ ಹಕ್ಕಿನಲ್ಲಿ ಕೇಳಿ, ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಲಗತ್ತಿಸಿ. ‘ಭ್ರಷ್ಟಾಚಾರ’ ಎಂಬ ಪದವನ್ನು ಅರ್ಜಿಯಲ್ಲಿ ಎಲ್ಲಿಯೂ ಬಳಸಬೇಡಿ. ಕಾಮಗಾರಿ ಪೂರ್ಣಗೊಂಡ ದಿನಾಂಕ, ಅಳತೆ ಪುಸ್ತಕದಲ್ಲಿ ದಾಖಲಾದ ದಿನಾಂಕ, ಬಿಲ್ಲು ಪಾವತಿಯಾದ ದಿನಾಂಕ, ಈ ಮೂರನ್ನಷ್ಟೇ ಕೇಳಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಕರಡು ಬರೆದು ಇಲ್ಲಿ ಹಾಕಿ, ತಿದ್ದಿಕೊಡುತ್ತೇನೆ.